ಮಧ್ಯಸ್ಥರ ಪಾತ್ರ: ಕಛ್ ರಣದಿಂದ ತಾಷ್ಕೆಂಟ್‌ವರೆಗೆ

ನೆರೆಯ ಎರಡು ರಾಷ್ಟ್ರಗಳು ಯುದ್ಧಕ್ಕೆ ತೊಡಗಿದಾಗ ಮೂರನೆಯ ರಾಷ್ಟ್ರವೊಂದು ಶಾಂತಿಗಾಗಿ ಮುಂದೆ ಬರುವುದು ಹೊಸ ಸಂಗತಿಯಲ್ಲ. ಆದರೆ ಅದರ ಬಗೆಗಳು ಬೇರೆ ಬೇರೆ. ಉಭಯ ಪಕ್ಷಗಳಿಗೆ ಹೋರಾಟ ನಿಲ್ಲಿಸಲು ಕರೆಯಿತ್ತು, ನಿಂತಿತೇ ಎಂದು ಕಾಯ್ದು ನೋಡುವುದು ಒಂದು ಬಗೆ. ಇಬ್ಬರನ್ನೂ ಒಂದೆಡೆ ಕರೆದು, ಅವರ ನಡುವೆ ಓಡಾಡಿ, ಒಪ್ಪಂದದ ಮಾತುಗಳನ್ನು ಹೊಂದಿಸಿಕೊಡುವ ಸಂಧಾನ ಇನ್ನೊಂದು. ತೀರ್ಪು ಹೇಳುವ ಅಧಿಕಾರವನ್ನೇ ಹೊರಗಿನವರಿಗೆ ಒಪ್ಪಿಸುವ ಪಂಚಾಯತಿ ಮತ್ತೊಂದು. ಭಾರತ ಮತ್ತು ಪಾಕಿಸ್ತಾನಗಳು ಈ ಮೂರನ್ನೂ 1965ರ ಜೂನ್‌ನಿಂದ 1968ರ ಫೆಬ್ರವರಿಯವರೆಗಿನ ಅಲ್ಪಾವಧಿಯಲ್ಲೇ ಕಂಡವು.

ಮೊದಲನೆಯ ಪ್ರಸಂಗ ಕಛ್ ರಣದ್ದು. ಮಳೆಗಾಲದಲ್ಲಿ ನೀರು ನಿಲ್ಲುವ, ಬೇಸಿಗೆಯಲ್ಲಿ ಉಪ್ಪಿನ ಬಯಲಾಗುವ ಈ ಪ್ರದೇಶ ಹಿಂದಿನ ಕಛ್ ಸಂಸ್ಥಾನಕ್ಕೆ ಸೇರಿದ್ದು, ಗಡಿಯು ರಣದ ಉತ್ತರದ ಅಂಚಿನಲ್ಲಿದೆ ಎಂಬುದು ಭಾರತದ ನಿಲುವು. ರಣವನ್ನು ಒಳನಾಡಿನ ಸಮುದ್ರದಂತೆ ಭಾವಿಸಿ ಗಡಿಯನ್ನು ನಡುವಿನಲ್ಲಿ ಎಳೆಯಬೇಕು, ಸುಮಾರು 3,500 ಚದರ ಮೈಲಿ ತನಗೆ ಸಲ್ಲಬೇಕು ಎಂಬುದು ಪಾಕಿಸ್ತಾನದ ವಾದ. 1965ರ ಏಪ್ರಿಲ್‌ನಲ್ಲಿ ಇಲ್ಲಿ ಸೈನ್ಯಗಳು ಕಾದಾಡಿದವು. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಪ್ರಯತ್ನದ ಫಲವಾಗಿ ಜೂನ್ 30ರಂದು ಒಪ್ಪಂದಕ್ಕೆ ಸಹಿ ಬಿತ್ತು. ಸೈನ್ಯಗಳು ಜನವರಿ 1ರ ಸ್ಥಿತಿಗೆ ಮರಳಬೇಕು. ಸಚಿವರ ಮಾತುಕತೆ ಫಲಿಸದಿದ್ದರೆ ಮೂವರ ನ್ಯಾಯಮಂಡಳಿ ಗಡಿಯನ್ನು ನಿರ್ಣಯಿಸಬೇಕು. ಆ ಮೂವರಲ್ಲಿ ಯಾರೂ ಭಾರತೀಯರಾಗಲಿ ಪಾಕಿಸ್ತಾನಿಗಳಾಗಲಿ ಆಗಿರಬಾರದು.

ಶಾಯಿ ಆರುವ ಮುನ್ನವೇ ಕಾಶ್ಮೀರದಲ್ಲಿ ಬೆಂಕಿ ಹತ್ತಿತು. ಆಗಸ್ಟ್ 5ರ ಸುಮಾರಿಗೆ ಶಸ್ತ್ರಧಾರಿ ನುಸುಳುಕೋರರು ಕದನ ವಿರಾಮ ರೇಖೆಯನ್ನು ದಾಟಿ ಬಂದರು. ಅವರ ದಾರಿಯನ್ನು ಮುಚ್ಚಲು ಭಾರತೀಯ ಸೇನೆ ಆಗಸ್ಟ್ 28ರಂದು ಹಾಜಿ ಪೀರ್ ಕಣಿವೆಮಾರ್ಗವನ್ನು ವಶಪಡಿಸಿಕೊಂಡಿತು. ಸೆಪ್ಟೆಂಬರ್ 1ರಂದು ಪಾಕಿಸ್ತಾನ ಛಾಂಬ್ ವಿಭಾಗದಲ್ಲಿ ಟ್ಯಾಂಕುಗಳೊಡನೆ ದಾಳಿಯಿಟ್ಟಿತು. 6ರಂದು ಭಾರತ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಊ ಥಾಂಟ್ ಸ್ವತಃ ಉಪಖಂಡಕ್ಕೆ ಬಂದರು. ಅಮೆರಿಕ ಮತ್ತು ಬ್ರಿಟನ್ ಎರಡೂ ದೇಶಗಳಿಗೆ ಶಸ್ತ್ರಾಸ್ತ್ರ ಪೂರೈಕೆಯನ್ನು ತಡೆಹಿಡಿದವು. ಭದ್ರತಾ ಮಂಡಳಿಯ ಸೆಪ್ಟೆಂಬರ್ 20ರ ನಿರ್ಣಯದಂತೆ 23ರ ಬೆಳಗಿನ ಜಾವ ಗುಂಡಿನ ಸದ್ದು ನಿಂತಿತು. ಆದರೆ ಎರಡೂ ಸೇನೆಗಳು ಪರಸ್ಪರರ ನೆಲದ ಮೇಲೆ ಬೀಡುಬಿಟ್ಟಿದ್ದವು. ಕದನ ನಿಲ್ಲಿಸುವುದು ಒಂದು ಕೆಲಸ, ಸೇನೆಗಳನ್ನು ಹಿಂದಕ್ಕೆ ಕಳುಹಿಸುವುದು ಮತ್ತೊಂದು. ಈ ಎರಡನೆಯದು ನಿರ್ಣಯದ ಕಾಗದದಿಂದ ಆಗುವಂಥದಾಗಿರಲಿಲ್ಲ.

ಆ ಹೊಣೆಯನ್ನು ಹೊತ್ತವರು ಸೋವಿಯತ್ ಪ್ರಧಾನಿ ಅಲೆಕ್ಸಿ ಕೊಸಿಗಿನ್. ಸಂಧಾನಕಾರನಿಗೆ ತನ್ನದೇ ಲೆಕ್ಕಾಚಾರಗಳಿರುತ್ತವೆ ಎಂಬುದನ್ನು ಮರೆಯಲಾಗದು: ತನ್ನ ದಕ್ಷಿಣದ ನೆರೆಯಲ್ಲಿ ಚೀನದ ಪ್ರಭಾವ ಬೆಳೆಯುವುದು ಮಾಸ್ಕೋಗೆ ಬೇಕಿರಲಿಲ್ಲ. ವಿಯೆಟ್ನಾಂನಲ್ಲಿ ಸಿಲುಕಿದ್ದ ಅಮೆರಿಕವೂ ಈ ಪ್ರಯತ್ನಕ್ಕೆ ಅಡ್ಡಿ ಬರಲಿಲ್ಲ. 1966ರ ಜನವರಿ 4ರಂದು ಉಜ್ಬೆಕಿಸ್ತಾನದ ತಾಷ್ಕೆಂಟ್‌ನಲ್ಲಿ ಸಮ್ಮೇಳನ ಆರಂಭವಾಯಿತು. ಬಲಪ್ರಯೋಗ ಮಾಡುವುದಿಲ್ಲವೆಂಬ ವಚನ ಬೇಕೆಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರೂ, ಕಾಶ್ಮೀರದ ಇತ್ಯರ್ಥಕ್ಕೆ ಒಂದು ವ್ಯವಸ್ಥೆ ಬೇಕೆಂದು ಅಧ್ಯಕ್ಷ ಅಯೂಬ್ ಖಾನ್ ಅವರೂ ಪಟ್ಟು ಹಿಡಿದಿದ್ದರು. ಕೊಸಿಗಿನ್ ಇಬ್ಬರ ಬಿಡಾರಗಳ ನಡುವೆ ಮತ್ತೆ ಮತ್ತೆ ಓಡಾಡಿದರು.

ಕೊನೆಗೆ ಗಂಟು ಬಿಚ್ಚಿದ್ದು ಮಾತಿನ ಜೋಡಣೆಯಿಂದ. ಯುದ್ಧವರ್ಜನ ಒಪ್ಪಂದವೆಂಬ ಹೆಸರು ಬರಲಿಲ್ಲ. ವಿಶ್ವಸಂಸ್ಥೆಯ ಸನ್ನದಿನ ಪ್ರಕಾರ ಬಲಪ್ರಯೋಗಕ್ಕೆ ಇಳಿಯದೆ ವಿವಾದಗಳನ್ನು ಶಾಂತಿಯುತವಾಗಿ ಬಗೆಹರಿಸಿಕೊಳ್ಳುವ ಬಾಧ್ಯತೆಯನ್ನು ಇಬ್ಬರೂ ಪುನರುಚ್ಚರಿಸಿದರು. ಕಾಶ್ಮೀರದ ಬಗ್ಗೆ, ವಿಷಯ ಚರ್ಚೆಗೆ ಬಂದಿತು, ಪ್ರತಿಯೊಂದು ಪಕ್ಷವೂ ತನ್ನ ನಿಲುವನ್ನು ಮಂಡಿಸಿತು ಎಂದಷ್ಟೇ ಹೇಳಲಾಯಿತು. ಸೋತೆವೆಂದು ಯಾರೂ ಹೇಳಿಕೊಳ್ಳಬೇಕಾಗದಂತಹ ವಾಕ್ಯಗಳು ಅವು. ಸ್ಪಷ್ಟವಾಗಿದ್ದುದು ಉಳಿದ ಕಲಮುಗಳು: ಫೆಬ್ರವರಿ 25ರೊಳಗೆ ಸೇನೆಗಳು ಆಗಸ್ಟ್ 5ಕ್ಕೆ ಹಿಂದಿನ ನೆಲೆಗಳಿಗೆ ಮರಳುವುದು, ಹೈಕಮಿಷನರುಗಳು ಮತ್ತೆ ಕಾರ್ಯಾರಂಭ ಮಾಡುವುದು, ಯುದ್ಧಕೈದಿಗಳನ್ನು ಹಿಂದಿರುಗಿಸುವುದು.

ಜನವರಿ 10ರಂದು ಘೋಷಣೆಗೆ ಸಹಿಯಾಯಿತು. ಅದೇ ರಾತ್ರಿ ಕಳೆದು 11ರ ನಸುಕಿನಲ್ಲಿ ಶಾಸ್ತ್ರಿಯವರು ತಾಷ್ಕೆಂಟ್‌ನಲ್ಲೇ ನಿಧನರಾದರು. ಅವರ ಶವಪೆಟ್ಟಿಗೆಗೆ ಕೊಸಿಗಿನ್ ಅವರೊಡನೆ ಅಯೂಬ್ ಖಾನ್ ಅವರೂ ಹೆಗಲು ಕೊಟ್ಟರು. ನಾಲ್ಕು ತಿಂಗಳ ಹಿಂದೆ ಪರಸ್ಪರ ಯುದ್ಧದಲ್ಲಿದ್ದ ರಾಷ್ಟ್ರಗಳ ನಾಯಕರಿವರು.

ಒಪ್ಪಂದದ ಬೆಲೆ ಎರಡೂ ಕಡೆ ಕಹಿಯಾಗಿತ್ತು. ಸೈನಿಕರು ಪ್ರಾಣಕೊಟ್ಟು ಗೆದ್ದ ಹಾಜಿ ಪೀರ್ ಹಿಂದಿರುಗಿಸಬೇಕಾಯಿತೆಂದು ಕೇಂದ್ರ ಸಚಿವ ಮಹಾವೀರ ತ್ಯಾಗಿ ರಾಜೀನಾಮೆಯಿತ್ತರು. ಪಾಕಿಸ್ತಾನದಲ್ಲಿ ಕಾಶ್ಮೀರವನ್ನು ಬಿಟ್ಟುಕೊಟ್ಟಂತಾಯಿತೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ವಿದೇಶಾಂಗ ಸಚಿವ ಭುಟ್ಟೊ ಅದೇ ವರ್ಷ ಸಂಪುಟದಿಂದ ಹೊರಬಿದ್ದರು. ಆದರೆ ಕೈದಿಗಳ ಕುಟುಂಬಗಳಿಗೆ ಆ ಕಲಮಿನ ಅರ್ಥವೇ ಬೇರೆ. ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪ ಅವರ ಪುತ್ರ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ವಿಮಾನ ಸೆಪ್ಟೆಂಬರ್ 22ರಂದು, ಯುದ್ಧದ ಕೊನೆಯ ದಿನ, ಹೊಡೆದುರುಳಿಸಲ್ಪಟ್ಟು ಅವರು ಸೆರೆಯಾಗಿದ್ದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದ ಅಯೂಬ್ ಖಾನ್ ಅವರನ್ನು ಬಿಡಿಸುವ ಇಂಗಿತ ವ್ಯಕ್ತಪಡಿಸಿದಾಗ, ಕೈದಿಗಳೆಲ್ಲರೂ ತಮ್ಮ ಮಕ್ಕಳೇ, ತಮ್ಮ ಮಗನಿಗೆ ವಿಶೇಷ ಉಪಕಾರ ಬೇಡ ಎಂಬುದು ತಂದೆಯ ನಿಲುವಾಗಿತ್ತು. ತಾಷ್ಕೆಂಟ್ ಘೋಷಣೆಯ ಬಳಿಕ ಪುತ್ರ ಇತರ ಕೈದಿಗಳೊಂದಿಗೆ ಮರಳಿದರು.

ಇಷ್ಟೆಲ್ಲ ನಡೆದರೂ ಕಛ್ ಒಪ್ಪಂದ ಮುರಿದುಬೀಳಲಿಲ್ಲ ಎಂಬುದು ಗಮನಾರ್ಹ. ಸ್ವೀಡನ್ನಿನ ಗುನ್ನಾರ್ ಲಾಗರ್‌ಗ್ರೆನ್ ಅಧ್ಯಕ್ಷರಾಗಿ, ಯುಗೊಸ್ಲಾವಿಯಾದ ಅಲೆಶ್ ಬೆಬ್ಲರ್ ಭಾರತದ ಕಡೆಯಿಂದ, ಇರಾನಿನ ನಸ್ರುಲ್ಲಾ ಎಂತೆಜಾಮ್ ಪಾಕಿಸ್ತಾನದ ಕಡೆಯಿಂದ ನಾಮಕರಣಗೊಂಡ ನ್ಯಾಯಮಂಡಳಿ ಜಿನೀವಾದಲ್ಲಿ ಕುಳಿತು, 1968ರ ಫೆಬ್ರವರಿ 19ರಂದು ತೀರ್ಪಿತ್ತಿತು. ಬೆಬ್ಲರ್ ಭಿನ್ನಮತ ಸೂಚಿಸಿದರು. ಬಹುಮತದ ತೀರ್ಪಿನಂತೆ ಪಾಕಿಸ್ತಾನ ಕೇಳಿದ್ದರ ಸುಮಾರು ಹತ್ತನೆಯ ಒಂದು ಭಾಗ ಅದಕ್ಕೆ ಸಂದಿತು, ಉಳಿದುದು ಭಾರತದ್ದಾಯಿತು. ತೀರ್ಪಿನ ಜಾರಿಗೆ ಸಂವಿಧಾನ ತಿದ್ದುಪಡಿ ಅಗತ್ಯವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ತಳ್ಳಿಹಾಕಿತು. ಇದು ನೆಲವನ್ನು ಬಿಟ್ಟುಕೊಡುವ ಮಾತಲ್ಲ, ವಿವಾದದಲ್ಲಿದ್ದ ಗಡಿಯ ನಿರ್ಣಯವೆಂಬುದು ಅದರ ಅಭಿಪ್ರಾಯ.

1971ರ ಯುದ್ಧಾನಂತರ, 1972ರ ಜುಲೈನಲ್ಲಿ ಆದ ಶಿಮ್ಲಾ ಒಪ್ಪಂದದಲ್ಲಿ ಸಂಧಾನಕಾರರಿಗೆ ಸ್ಥಾನವಿರಲಿಲ್ಲ. ಭಿನ್ನಾಭಿಪ್ರಾಯಗಳನ್ನು ದ್ವಿಪಕ್ಷೀಯ ಮಾತುಕತೆಯಿಂದ, ಅಥವಾ ಇಬ್ಬರೂ ಒಪ್ಪಿದ ಇತರ ಶಾಂತಿಯುತ ವಿಧಾನದಿಂದ ಬಗೆಹರಿಸಿಕೊಳ್ಳಬೇಕೆಂದು ಅದು ಹೇಳಿತು. ಅಂದಿನಿಂದ ಹೊರಗಿನವರ ಮಧ್ಯಸ್ಥಿಕೆ ಬೇಡವೆಂಬುದೇ ಭಾರತದ ನಿಲುವು. ಕಛ್ ನ್ಯಾಯಮಂಡಳಿಯ ಪರಿಶೀಲನೆಗೆ ಒಳಪಡದೆ ಉಳಿದ ಸರ್ ಕ್ರೀಕ್ ಅಳಿವೆಯ ಗಡಿ ಮಾತ್ರ, ಹಲವು ಸುತ್ತಿನ ದ್ವಿಪಕ್ಷೀಯ ಮಾತುಕತೆಗಳ ನಂತರವೂ, ಇಂದಿಗೂ ಇತ್ಯರ್ಥವಾಗಿಲ್ಲ.