‘ಕಟ್’ ಹೇಳೋಕೆ ಇನ್ನೊಬ್ಬರಿರಲಿ

ಜುಲೈ ಹೊತ್ತಿಗೆ ಗುಂಡ್ಲುಪೇಟೆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ದೂರದಲ್ಲಿ ಮೋಡ ಹೊದ್ದ ಗೋಪಾಲಸ್ವಾಮಿ ಬೆಟ್ಟ. ಸೆಟ್ ಹಾಕದೇ ಸಿಗುವ ಇಂಥ ಲೊಕೇಶನ್ ಯಾವ ಸಿನಿಮಾ ವಿದ್ಯಾರ್ಥಿಗೆ ಬೇಡ? ಬಾಡಿಗೆ ಕ್ಯಾಮೆರಾ, ಐದಾರು ಗೆಳೆಯರು, ಎರಡು ದಿನ ರಜೆ ಸಿಕ್ಕರೆ ಶಾರ್ಟ್‌ಫಿಲ್ಮ್ ಶುರು. ಊಟ, ಪೆಟ್ರೋಲಿಗೆಲ್ಲ ಲೆಕ್ಕ ಇರುತ್ತೆ. ಸುರಕ್ಷತೆಗೆ ಮಾತ್ರ ‘ನೋಡ್ಕೊಳ್ಳೋಣ ಬಿಡು’.

ದೊಡ್ಡ ಸಿನಿಮಾಗಳೇ ಇದಕ್ಕೆ ಬೆಲೆ ತೆತ್ತಿವೆ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಈಜು ಚೆನ್ನಾಗಿ ಬರಲ್ಲ ಅಂತ ಜಿಗಿಯುವ ಮೊದಲೇ ಟಿವಿ ಕ್ಯಾಮೆರಾ ಮುಂದೆ ಹೇಳಿಕೊಂಡಿದ್ದರು. ಆದರೂ ಶಾಟ್ ನಿಲ್ಲಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ‘ಲವ್ ಯು ರಚ್ಚು’ ಫೈಟ್ ಶೂಟಿಂಗ್‌ನಲ್ಲಿ ಕರೆಂಟ್ ಹೊಡೆದು ಫೈಟರ್ ವಿವೇಕ್ ಪ್ರಾಣ ಬಿಟ್ಟರು.

ವಿದ್ಯಾರ್ಥಿ ತಂಡದಲ್ಲಿ ‘ಬೇಡ’ ಅನ್ನೋದು ಇನ್ನೂ ಕಷ್ಟ. ಡೈರೆಕ್ಟರ್ ಅಂದ್ರೆ ರೂಮ್‌ಮೇಟ್. ಹೆದರಿಕೆ ಹೇಳಿಕೊಂಡರೆ ಗೆಳೆಯನ ಸಿನಿಮಾ ಕೆಡುತ್ತೆ ಅನ್ನೋ ಸಂಕೋಚ. ಅದಕ್ಕೇ ಶೂಟಿಂಗ್ ನಿಲ್ಲಿಸುವ ಅಧಿಕಾರವನ್ನು ಡೈರೆಕ್ಟರೂ ಅಲ್ಲದ, ಕ್ಯಾಮೆರಾಮನ್ನೂ ಅಲ್ಲದ ಒಬ್ಬರಿಗೆ ಮೊದಲೇ ಕೊಟ್ಟುಬಿಡಿ. ಅವರು ‘ಕಟ್’ ಅಂದರೆ ಚರ್ಚೆಯಿಲ್ಲ.

ಈ ಸೀಮೆಯಲ್ಲಿ ಅವರ ಕಣ್ಣು ಎಲ್ಲಿರಬೇಕು?

ರಸ್ತೆ: ಹೂವಿನ ಹೊಲದ ಪಕ್ಕದ್ದು ಕೇರಳ, ಊಟಿ ಕಡೆಗೆ ಹೋಗುವ ಹೆದ್ದಾರಿ. ಫ್ರೇಮ್ ನೋಡ್ತಾ ಹಿಂದಕ್ಕೆ ಹೆಜ್ಜೆ ಇಡೋ ಕ್ಯಾಮೆರಾಮನ್‌ಗೆ ಲಾರಿ ಕಾಣಲ್ಲ. ರೈತರನ್ನು ಕೇಳಿ ಹೊಲದೊಳಗೇ ಕ್ಯಾಮೆರಾ ಇಡಿ.

ಕಾಡು: ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಕಾಡಿನಲ್ಲಿ ಶೂಟಿಂಗ್, ಡ್ರೋನ್ ಎರಡಕ್ಕೂ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು. ಕಾಡಂಚಿನ ಹೊಲಕ್ಕೆ ಕತ್ತಲಾದ ಮೇಲೆ ಆನೆ ಬರುತ್ತೆ. ಸಂಜೆ ಬೆಳಕಿನ ಶಾಟ್ ಆಸೆಗೆ ಅಲ್ಲೇ ಉಳಿಯಬೇಡಿ. ಬೇಲಿ ತಂತಿಯಲ್ಲಿ ಕರೆಂಟ್ ಇದೆಯಾ ಅಂತ ಹೊಲದವರನ್ನೇ ಕೇಳಿ.

ಕ್ವಾರಿ: ಚಾಮರಾಜನಗರದ ಕರಿಕಲ್ಲಿನ ಹೊಂಡಗಳು ಕ್ಯಾಮೆರಾದಲ್ಲಿ ಚೆಂದ. ಆದರೆ 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ಕ್ವಾರಿ ಕಾರ್ಮಿಕರೇ ಸತ್ತಿದ್ದಾರೆ. ನೀರು ತುಂಬಿದ ಹೊಂಡದ ಆಳ ಮೇಲಿಂದ ತಿಳಿಯಲ್ಲ. ಅಂಚಿನ ಶಾಟ್ ಬೇಕಿದ್ದರೆ ದೂರ ನಿಂತು ಝೂಮ್ ಮಾಡಿ.

ಹಿಂದಿನ ದಿನ ಮಾಡೋ ಕೆಲಸ ಇಷ್ಟೇ. ಶೂಟಿಂಗ್ ಹೊತ್ತಿನಲ್ಲೇ ಜಾಗಕ್ಕೆ ಹೋಗಿ ನೋಡಿ. ಊರಿನ ಹೆಸರು, ಹತ್ತಿರದ ಆಸ್ಪತ್ರೆ ದಾರಿ, 108 ಮತ್ತು 112 ಚೀಟಿಯಲ್ಲಿ ಬರೆದು ಎಲ್ಲರ ಜೇಬಿಗೆ ಹಾಕಿ. ಕಾಡಂಚಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮ್ಯಾಪ್ ತೆರೆಯಲ್ಲ. ಒಂದು ಗಾಡಿ ಸದಾ ಖಾಲಿ ಇರಲಿ, ನಿದ್ದೆ ಮಾಡಿದ ಡ್ರೈವರ್ ಇರಲಿ. ಇಬ್ಬರ ಮನೆಯವರಿಗಾದರೂ ಎಲ್ಲಿದ್ದೀರಿ ಅಂತ ಗೊತ್ತಿರಲಿ.

ಇದಕ್ಕೆಲ್ಲ ಹೆಚ್ಚು ದುಡ್ಡೇನೂ ಬೇಡ. ತಪ್ಪಿಹೋದ ಶಾಟ್‌ಗೆ ಇನ್ನೊಂದು ಭಾನುವಾರ ಬಂದೇ ಬರುತ್ತೆ.