ಮನೆಗೆ ವೈಫೈ ಹಾಕಿಸಬೇಕಾ? ಮೊದಲು ಫೋನ್‌ಗಳನ್ನು ಎಣಿಸಿ

‘ವೈಫೈ ಎಲ್ಲಾ ದುಡ್ಡಿರೋರಿಗೆ, ನಮಗೆ ರೀಚಾರ್ಜ್ ಸಾಕು.’ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಹಿಡಿದು ದಾಬಸ್‌ಪೇಟೆ, ಹೊಸಕೋಟೆ ಕಡೆ ಕಾರ್ಖಾನೆಗೆ ಹೋಗುವವರ ಬಾಡಿಗೆ ಮನೆಗಳವರೆಗೆ ಈ ಮಾತು ಕೇಳಿಸುತ್ತೆ. ನಿಜಾನಾ? ಎಲ್ಲ ಮನೆಗಳಿಗೂ ಅಲ್ಲ. ಅದು ನಿಮ್ಮ ಮನೆಯಲ್ಲಿ ಎಷ್ಟು ಫೋನ್ ಇವೆ ಅನ್ನೋದರ ಮೇಲೆ ನಿಂತಿದೆ.

ಲೆಕ್ಕ ಹೀಗೆ

2024ರ ಜುಲೈನಲ್ಲಿ ಮೊಬೈಲ್ ದರ ಏರಿದಾಗ ಜಿಯೋದ ದಿನಕ್ಕೆ 1.5 ಜಿಬಿ ಪ್ಯಾಕ್ 239ರಿಂದ 299 ರೂಪಾಯಿಗೆ ಹೋಯಿತು. ಅವಧಿ 28 ದಿನ. ನಾಲ್ಕು ಫೋನ್ ಇದ್ದರೆ 1,196 ರೂಪಾಯಿ.

ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದಿ, ಡೇಟಾ ಇಲ್ಲದೆ ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕನ್ನೂ ಕೊಡಲೇಬೇಕು ಎಂದಿತು. ಹಾಗೆ ಬಂದ ಜಿಯೋ ಪ್ಯಾಕ್‌ಗಳಲ್ಲಿ ಒಂದು 336 ದಿನಕ್ಕೆ 1,748 ರೂಪಾಯಿಯದು. ಅಂದರೆ 28 ದಿನಕ್ಕೆ ಸುಮಾರು 146. ಡೇಟಾ ಪ್ಯಾಕ್ ಬಿಟ್ಟು ಇದಕ್ಕೆ ಬಂದ ಪ್ರತಿ ಫೋನಿನಿಂದ 153 ರೂಪಾಯಿ ಉಳಿಯುತ್ತೆ.

ಈಗ ಫೈಬರ್. 30 ಎಂಬಿಪಿಎಸ್‌ನ 399 ರೂಪಾಯಿ ಪ್ಲಾನ್‌ಗೆ ಶೇ 18 ಜಿಎಸ್‌ಟಿ ಸೇರಿದರೆ ತಿಂಗಳಿಗೆ 471. ಮೊಬೈಲ್ ಪ್ಯಾಕ್ ದರದಲ್ಲಿ ತೆರಿಗೆ ಸೇರಿಯೇ ಇರುತ್ತೆ, ಫೈಬರ್ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಇರಲ್ಲ, ಗಮನಿಸಿ. 28 ದಿನಕ್ಕೆ ಇಳಿಸಿದರೆ ಸುಮಾರು 440. ಮೂರು ಫೋನ್ ಬದಲಾದರೆ 459 ಉಳಿಯುತ್ತೆ, ಫೈಬರ್ ಖರ್ಚು ಅಲ್ಲಿಗೆ ಹುಟ್ಟಿತು.

ಹಾಗಾಗಿ ನಾಲ್ಕು ಫೋನಿನ ಮನೆಯಲ್ಲಿ ಹೊರಗೆ ದುಡಿಯಲು ಹೋಗುವ ಒಬ್ಬರಿಗೆ ಡೇಟಾ ಇಟ್ಟು, ಉಳಿದ ಮೂರನ್ನು ಕರೆ ಪ್ಯಾಕ್‌ಗೆ ಹಾಕಿದರೆ ಈಗಿನ ಖರ್ಚಿನಲ್ಲೇ ವೈಫೈ ಬರುತ್ತೆ. ಐದು ಫೋನ್ ಇದ್ದರೆ ದುಡ್ಡೂ ಉಳಿಯುತ್ತೆ. ಮೂರೇ ಇದ್ದರೆ ತಿಂಗಳಿಗೆ ನೂರಮೂವತ್ತರಷ್ಟು ಜಾಸ್ತಿ. ದರಗಳು ಬದಲಾಗುತ್ತಾ ಇರುತ್ತವೆ, ನಿಮ್ಮೂರಿನ ಇವತ್ತಿನ ದರ ಹಾಕಿ ಇದೇ ಲೆಕ್ಕ ಮಾಡಿ.

ಸಿಗೋದೇನು?

ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಬೇಕು. ಆ ವೇಗದಲ್ಲಿ 1.5 ಜಿಬಿ ನಲವತ್ತೇ ನಿಮಿಷಕ್ಕೆ ಖಾಲಿ. ಆನ್‌ಲೈನ್ ಕ್ಲಾಸ್ ಇರುವ ತಂಗಿ ಸಂಜೆ ಹೊತ್ತಿಗೆ ಅಣ್ಣನ ಹಾಟ್‌ಸ್ಪಾಟ್‌ಗೆ ಕಾಯೋದು ಇದಕ್ಕೇ. 30 ಎಂಬಿಪಿಎಸ್‌ನಲ್ಲಿ ನಾಲ್ಕು ಜನ ಒಟ್ಟಿಗೆ ನೋಡಿದರೂ ನಡೆಯುತ್ತೆ. 100 ಎಂಬಿಪಿಎಸ್ ಅಂತ ಯಾರೋ ಹೇಳಿದರೆ ಸುಮ್ಮನೆ ಒಪ್ಪಿಕೊಳ್ಳಬೇಡಿ.

ಒಂದು ಎಚ್ಚರಿಕೆ: ಕರೆ ಪ್ಯಾಕ್ ಫೋನ್ ಮನೆಯಿಂದ ಹೊರಗೆ ಬಂದರೆ ವಾಟ್ಸಾಪ್ ಇಲ್ಲ, ಸ್ಕ್ಯಾನ್ ಮಾಡಿ ದುಡ್ಡು ಕೊಡೋಕೂ ಆಗಲ್ಲ. ದಿನಾ ಬಸ್ಸಲ್ಲಿ ಓಡಾಡುವವರ ಡೇಟಾ ತೆಗೆಯಬೇಡಿ.

ಕೇಬಲ್ ಬರದ ಊರಲ್ಲಿ

ಪಟ್ಟಣ ದಾಟಿ ಹೋಬಳಿ ಹಳ್ಳಿಗಳಿಗೆ ಹೋದರೆ ಆಯ್ಕೆ ಕಡಿಮೆ. ಬಿಎಸ್‌ಎನ್‌ಎಲ್ ಫೈಬರನ್ನು ಹಲವು ಕಡೆ ಸ್ಥಳೀಯ ಕೇಬಲ್‌ನವರೇ ಪಾಲುದಾರರಾಗಿ ಕೊಡುತ್ತಾರೆ, ಅವರನ್ನೇ ಮೊದಲು ಕೇಳಿ. ಗಾಳಿಯಲ್ಲಿ ಬರುವ ಏರ್‌ಫೈಬರ್ 599ರ ಪ್ಲಾನ್ ತೆರಿಗೆ ಸೇರಿ 707 ಆಗುತ್ತೆ. ಆಗ ಮೂರಲ್ಲ, ಐದು ಫೋನ್ ಬದಲಾದರೆ ಮಾತ್ರ ಲೆಕ್ಕ ಸರಿಹೋಗೋದು.

ಒಬ್ಬರೋ ಇಬ್ಬರೋ ಇರುವ ರೂಮಿಗೆ ಫೈಬರ್ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅರ್ಜಿ ಹಾಕೋಕೆ, ಓದೋಕೆ ನಿಮ್ಮೂರಿನದರಲ್ಲಿ ಕಂಪ್ಯೂಟರ್, ಇಂಟರ್ನೆಟ್ ಇದೆಯಾ ವಿಚಾರಿಸಿ. ಸಾಲು ಮನೆಗಳಿರುವ ಕಡೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಾಣಿ ಯೋಜನೆ ಇದೆ. ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಅವರಿಂದ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯಬಾರದು ಅಂತ 2025ರ ಜೂನ್‌ನಲ್ಲಿ ಟ್ರಾಯ್ ಕಂಪನಿಗಳಿಗೆ ಮಿತಿ ಹಾಕಿದೆ.

ದುಡ್ಡು ಕೊಡುವ ಮುಂಚೆ

• ಇನ್‌ಸ್ಟಾಲೇಷನ್, ಡಿಪಾಸಿಟ್, ರೂಟರ್ ಬಾಡಿಗೆ ಎಷ್ಟು, ಯಾವುದು ವಾಪಸ್ ಬರುತ್ತೆ ಕೇಳಿ. ರಸೀದಿ ತಗೊಳ್ಳಿ.
• ಬಾಡಿಗೆ ಮನೆಯಾದರೆ ಮನೆ ಬದಲಿಸಿದಾಗ ಕನೆಕ್ಷನ್ ಶಿಫ್ಟ್ ಆಗುತ್ತಾ ಕೇಳಿ.
• ಅಕ್ಕಪಕ್ಕದವರಿಗೆ ಹೇಗೆ ಬರುತ್ತಿದೆ ವಿಚಾರಿಸಿ. ಆಮೇಲೆ ಆರು ತಿಂಗಳ ಪ್ಲಾನ್.
• ಕರೆಂಟ್ ಹೋದರೆ ರೂಟರೂ ಆಫ್. ಚಿಕ್ಕ ರೂಟರ್ ಯುಪಿಎಸ್ ಸಿಗುತ್ತೆ.
• ಕೆಟ್ಟರೆ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಂಪನಿ ಕೇಳದಿದ್ದರೆ ಅದರ ಮೇಲ್ಮನವಿ ವಿಭಾಗಕ್ಕೆ ಹೋಗಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ.