ಹೂಗಿಡಕ್ಕೊಂದು ಸೂರು

ಧನುರ್ಮಾಸದ ಮುಂಜಾನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ಒಂದು ಸಂಗತಿಯನ್ನು ಗಮನಿಸಬಹುದು. ಬಯಲಿನ ಹುಲ್ಲು ಇಬ್ಬನಿಯಿಂದ ತೊಯ್ದಿರುತ್ತದೆ; ತೆಂಗಿನ ಗರಿಗಳ ಅಡಿಯಲ್ಲಿ ಇಬ್ಬನಿ ಕಡಿಮೆ. ಕಾರಣವೇನು?

ಹಗಲು ಕಾದ ನೆಲ ಮತ್ತು ಎಲೆಗಳು ರಾತ್ರಿ ತಮ್ಮ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಸೂಸುತ್ತವೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಆ ಶಾಖ ಆಕಾಶದ ಪಾಲಾಗಿ, ಎಲೆಯು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೇಲೆ ಗರಿಗಳ ಚಪ್ಪರವಿದ್ದರೆ ಅದು ಶಾಖವನ್ನು ಹೀರಿ, ಒಂದಂಶವನ್ನು ಕೆಳಕ್ಕೆ ಮರಳಿಸುತ್ತದೆ.

ಎಲೆಯ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರ ಮೇಲೆ ಬಿಳಿಯ ಹಿಮದ ಪದರ ಕೂರುತ್ತದೆ. ಎಲೆಯೊಳಗೆ ಕಟ್ಟುವ ಮಂಜುಗಡ್ಡೆ ಜೀವಕೋಶಗಳ ನೀರನ್ನು ಸೆಳೆದು ಅವುಗಳ ಪೊರೆಯನ್ನು ಹಾಳುಮಾಡುತ್ತದೆ. ಡಿಸೆಂಬರ್-ಜನವರಿಯಲ್ಲಿ ಊಟಿಯಲ್ಲಿ ಇಂಥ ಹಿಮ ಬೀಳುವುದುಂಟು. ಯುರೋಪಿನ ಅರಮನೆಗಳಲ್ಲಿ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಒಳಗಿಡಲೆಂದೇ ದೊಡ್ಡ ಕಿಟಕಿಗಳ ಮನೆ ಕಟ್ಟಿಸುತ್ತಿದ್ದರು.

ನಮ್ಮ ತೆಂಗಿನ ಸೀಮೆಯ ಚಳಿ ಅಷ್ಟು ಕಠೋರವಲ್ಲ. ಆದರೂ ಬೆಚ್ಚನೆಯ ಹವೆ ಬಯಸುವ ಕನಕಾಂಬರ ಚಳಿಗೆ ಸೊರಗಿ, ಹೂ ಕಡಿಮೆ ಕೊಡುತ್ತದೆ. ಅದರ ಕುಂಡವನ್ನು ಸಂಜೆ ಜಗಲಿಯ ಸೂರಿನಡಿಗೆ ಸರಿಸಿ, ಬೆಳಿಗ್ಗೆ ಬಿಸಿಲಿಗೆ ತನ್ನಿ. ಹಗಲೂ ಒಳಗೇ ಬಿಟ್ಟರೆ ಬೆಳಕು ಸಾಲದು. ನೀರನ್ನು ಮಿತಗೊಳಿಸಿ, ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯಬಹುದು.

ಇದನ್ನು ನೀವೇ ಪರೀಕ್ಷಿಸಿ. ಎರಡು ಸ್ಲೇಟುಗಳನ್ನು ಒಣ ರಾಗಿಹುಲ್ಲಿನ ಮೇಲೆ, ಒಂದನ್ನು ಬಯಲಿನಲ್ಲಿ, ಇನ್ನೊಂದನ್ನು ಜಗಲಿಯ ಸೂರಿನಡಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬೆರಳಾಡಿಸಿ ನೋಡಿ. ಸೂರು ಏನನ್ನು ಕಾಯುತ್ತದೆಂಬುದು ಆಗ ತಿಳಿಯುತ್ತದೆ.